ಮಗುವಿನ ಪಾಲು ಮಗುವಿಗೇ ಇರಲಿ

ಡೈವೋರ್ಸ್ ಬೇಡ, ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳುವುದಕ್ಕೆ ನಾನು ಕೂತಿಲ್ಲ. ಆ ಮಾತನ್ನು ಸೋದರತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಸಂಬಂಧ ಕುದುರಿಸಿದವರು ಎಲ್ಲರೂ ಈಗಾಗಲೇ ನಿಮಗೆ ಹೇಳಿ ಮುಗಿಸಿರುತ್ತಾರೆ. ಕೂಡಿ ಬಾಳಲಾಗದ ಇಬ್ಬರನ್ನು ಜನ ಏನೆಂದಾರು ಎಂಬ ಅಂಜಿಕೆಗೆ ಒಂದೇ ಸೂರಿನಡಿ ಕೂಡಿಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೈಸೂರಿನ ಕೋರ್ಟುಗಳಲ್ಲಿ ವಕೀಲಿ ಮಾಡಿ, ಆಮೇಲೆ ಮಧ್ಯಸ್ಥಿಕೆ ಕೋಣೆಯಲ್ಲಿ ಗಂಡ ಹೆಂಡಿರ ನಡುವೆ ಕೂತು ತಲೆ ಬೆಳ್ಳಗಾದವಳು ನಾನು. ಹೇಳಬೇಕಾದ್ದು ಒಂದೇ. ನಿಮ್ಮ ಜಗಳದಲ್ಲಿ ವಕಾಲತ್ತಿಗೆ ಸಹಿ ಹಾಕಲು ಬಾರದ ಮೂರನೆಯ ಕಕ್ಷಿದಾರ ಇದೆ, ನಿಮ್ಮ ಮಗು. ಅದರ ಖರ್ಚಿಗೆ ಬರಬೇಕಾದ ಹಣ ಅದರದು. ಅಪ್ಪನ ಜೊತೆ, ಅಮ್ಮನ ಜೊತೆ ಅದು ಕಳೆಯಬೇಕಾದ ಹೊತ್ತೂ ಅದರದೇ. ಇವೆರಡನ್ನೂ ನಿಮ್ಮ ಚೌಕಾಶಿಯ ಮೇಜಿನ ಮೇಲೆ ಇಡಬೇಡಿ. ಮಕ್ಕಳಿಲ್ಲದ ದಂಪತಿಗಳು ಪುಟ ತಿರುವಿ ಮುಂದೆ ಹೋದರೆ ನನಗೇನೂ ಬೇಸರವಿಲ್ಲ.

ಡೈವೋರ್ಸಿನ ಸಂಗತಿ ಮೊದಲು ಮುಗಿಸಿಬಿಡೋಣ. ಹಿಂದೂ ವಿವಾಹ ಕಾಯ್ದೆ 1955ರದು. ಇಬ್ಬರೂ ಒಪ್ಪಿದ್ದರೆ ಅದರ 13ಬಿ ಸೆಕ್ಷನ್ನಿನಡಿ ಜಂಟಿ ಅರ್ಜಿ, ವಕೀಲರ ಬಾಯಲ್ಲಿ 'ಮ್ಯೂಚುಯಲ್'. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದಕ್ಕಿಟ್ಟ ಷರತ್ತುಗಳನ್ನು ಗಮನಿಸಿ: ಜೀವನಾಂಶ, ಮಗುವಿನ ಸುಪರ್ದಿ ಇತ್ಯಾದಿ ಎಲ್ಲವನ್ನೂ ಇಬ್ಬರೂ ನಿಜವಾಗಿ ಇತ್ಯರ್ಥ ಮಾಡಿಕೊಂಡಿರಬೇಕು. ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು ಮುಂತಾದ ಕಾರಣ ತೋರಿಸಿ, ಸಾಕ್ಷಿ ಒದಗಿಸಿ ಗೆಲ್ಲಬೇಕು. "ನಮ್ಮ ದಾಂಪತ್ಯ ಮುರಿದುಬಿದ್ದಿದೆ, ಸುಪ್ರೀಂ ಕೋರ್ಟು ಆ ಕಾರಣಕ್ಕೇ ಡೈವೋರ್ಸ್ ಕೊಟ್ಟಿತಂತಲ್ಲ, ನಮಗೂ ಕೊಡಿಸಿ" ಎಂದು ಬರುವವರಿದ್ದಾರೆ. 2023ರ ಸಂವಿಧಾನ ಪೀಠದ ತೀರ್ಪು ಅದು. ಸಂವಿಧಾನದ 142ನೇ ವಿಧಿಯಡಿ ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ನಿಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕಿಲ್ಲ.

ಹಳ್ಳಿ ಕಡೆಯವರಿಗೆ ಒಂದು ಎಚ್ಚರಿಕೆ. ಊರ ಹಿರಿಯರು ಕೂತು, ಛಾಪಾ ಕಾಗದದ ಮೇಲೆ 'ಇನ್ನು ಇವರಿಗೂ ಅವರಿಗೂ ಸಂಬಂಧವಿಲ್ಲ' ಎಂದು ಬರೆಸಿ, ನೋಟರಿ ಮುದ್ರೆ ಒತ್ತಿಸಿ ಕಳಿಸುತ್ತಾರೆ. ಅಂಥ ರೂಢಿ ತಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ಇದೆ ಎಂದು ಸಾಬೀತು ಮಾಡಿದವರಿಗಷ್ಟೇ ಆ ಕಾಗದದಿಂದ ಪ್ರಯೋಜನ. ಉಳಿದವರ ಮದುವೆ ಹಾಗೇ ಉಳಿದಿರುತ್ತದೆ, ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಎರಡನೆಯದು ಅಸಿಂಧು, ಮೇಲೆ ದ್ವಿಪತ್ನಿತ್ವದ ಕೇಸು. ವಿದೇಶದಲ್ಲಿರುವ ನಮ್ಮ ಹುಡುಗರೂ ಇದೇ ಬಗೆಯ ಗುಂಡಿಗೆ ಬೀಳುವುದುಂಟು. ಇಲ್ಲಿ ಧಾರೆ ಎರೆಸಿಕೊಂಡು ಹೋಗಿ, ಅಲ್ಲಿನ ಕೋರ್ಟಿನಲ್ಲಿ ಹೆಂಡತಿ ಹಾಜರಾಗದಿರುವಾಗ ಒಂಟಿಯಾಗಿ ಡಿಕ್ರಿ ತಂದರೆ ಇಲ್ಲಿ ಅದು ನಿಲ್ಲುವುದು ಕಷ್ಟ. 1991ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಈಗ ಜೀವನಾಂಶಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮಗುವಿನ ಜೀವನಾಂಶ ಕೇಳಲು ಡೈವೋರ್ಸ್ ಆಗಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎಲ್ಲರಿಗೂ ಗೊತ್ತು. 2024ರ ಜುಲೈ 1ರಿಂದ ಅದೇ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಇದೆ. ನಂಬರು ಬದಲಾಯಿತು, ತಿರುಳು ಅದೇ. ಮದುವೆ ಹಾಗೇ ಇದ್ದರೂ, ಗಂಡ ಬಿಟ್ಟುಹೋಗಿದ್ದರೂ, ಮದುವೆಯೇ ಆಗದೆ ಹುಟ್ಟಿದ ಮಗುವಾದರೂ ಅದರ ಹೊಟ್ಟೆಬಟ್ಟೆಗೆ ತಂದೆ ಕೊಡಬೇಕು. ಜಾತಿ ಧರ್ಮ ಈ ಸೆಕ್ಷನ್ನಿಗೆ ಲೆಕ್ಕಕ್ಕಿಲ್ಲ. ತಲಾಕ್ ಆದ ತಾಯಿಯ ಜೊತೆಗಿರುವ ಮಕ್ಕಳ ಹಕ್ಕಿಗೆ 1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಅಡ್ಡಬರುವುದಿಲ್ಲ ಎಂದು 1997ರಲ್ಲೇ ತೀರ್ಮಾನವಾಗಿದೆ. ಇನ್ನೊಂದು ಮಾತು, ಈಗಿನವರಿಗೆ ನಂಬಲಾಗುವುದಿಲ್ಲ. ನಾನು ಕರಿ ಕೋಟು ಹಾಕಿದ ಹೊಸದರಲ್ಲಿ ಈ ಸೆಕ್ಷನ್ನಿನಡಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವ ಹಾಗೇ ಇರಲಿಲ್ಲ. ಆ ಮಿತಿ ತೆಗೆದದ್ದು 2001ರ ತಿದ್ದುಪಡಿಯಲ್ಲಿ.

ಹಾಗಾದರೆ ಈಗ ಎಷ್ಟು? "ಸಂಬಳದ ಇಪ್ಪತ್ತೈದು ಪರ್ಸೆಂಟ್ ತಾನೇ ಮೇಡಂ?" ಎಂದು ಪ್ರತಿಯೊಬ್ಬ ಗಂಡಸೂ ಕೇಳುತ್ತಾನೆ. 2017ರ ಒಂದು ಪ್ರಕರಣದಲ್ಲಿ ಹೆಂಡತಿಯ ಜೀವನಾಂಶಕ್ಕೆ ಅದನ್ನೊಂದು ನ್ಯಾಯವಾದ ಅಂದಾಜು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅದೇ ತೀರ್ಪಿನಲ್ಲಿ ಗಂಡ ಮರುಮದುವೆಯಾಗಿ ಹೊಸ ಸಂಸಾರ ಹೂಡಿದ್ದನ್ನು ಗಮನಿಸಿ 23,000ವನ್ನು 20,000ಕ್ಕೆ ಇಳಿಸಿದ್ದೂ ನಿಜ. ಅಲ್ಲಿಗೆ ಅದು ಕಲ್ಲಿನ ಮೇಲೆ ಕೆತ್ತಿದ ದರವಲ್ಲ ಎಂದಾಯಿತು. ಮಗುವಿನ ವಿಷಯದಲ್ಲಂತೂ ಪರ್ಸೆಂಟಿನಿಂದ ಶುರು ಮಾಡಲೇಬಾರದು, ಖರ್ಚಿನಿಂದ ಶುರು ಮಾಡಬೇಕು. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಎರಡನೇ ಕ್ಲಾಸಿನ ಮಗು ಎಂದಿಟ್ಟುಕೊಳ್ಳಿ. ಶಾಲೆಯ ಫೀಸು ವರ್ಷಕ್ಕೆ 72,000, ಅಂದರೆ ತಿಂಗಳಿಗೆ 6,000. ವ್ಯಾನಿಗೆ 1,800. ಊಟ, ಹಾಲು, ಹಣ್ಣು, ತಿಂಡಿ 5,000. ಬಟ್ಟೆ, ಶೂ, ಪುಸ್ತಕ, ಗೆಳೆಯರ ಹುಟ್ಟುಹಬ್ಬದ ಉಡುಗೊರೆ ಎಲ್ಲ ಸೇರಿ 1,500. ಡಾಕ್ಟರು, ಔಷಧಿ 1,200. ಇನ್ನೊಂದು ಬಾಬ್ತು ಎಲ್ಲರೂ ಮರೆಯುತ್ತಾರೆ: ಮನೆ ಬಾಡಿಗೆ. ಆ ಮಗುವೂ ಆ ಮನೆಯಲ್ಲೇ ಇರುತ್ತದಲ್ಲ. 12,000 ಬಾಡಿಗೆಯಲ್ಲಿ ಮೂರನೆಯ ಒಂದು ಪಾಲು, 4,000. ಒಟ್ಟು 19,500. ಅಪ್ಪನ ಕೈಗೆ 80,000, ಅಮ್ಮನ ಕೈಗೆ 40,000 ಬರುತ್ತದೆ ಎನ್ನೋಣ. ಇಬ್ಬರೂ ದುಡಿಯುತ್ತಿದ್ದರೆ ಇಬ್ಬರೂ ಆದಾಯಕ್ಕೆ ತಕ್ಕಂತೆ ಹೊರಬೇಕು ಎಂಬುದು ಪದ್ಮಜಾ ಶರ್ಮಾ ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ಬಂದ ತೀರ್ಪು, ಅಲ್ಲೂ ಎರಡಕ್ಕೆ ಒಂದರ ಪ್ರಮಾಣವೇ. ಹಾಗಾಗಿ ಅಪ್ಪನ ಪಾಲು 13,000, ಅಮ್ಮನದು 6,500. ಅಮ್ಮ ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟುವುದಕ್ಕೆ, ಜ್ವರ ಬಂದ ರಾತ್ರಿ ಎದ್ದು ಕೂರುವುದಕ್ಕೆ ಈ ಲೆಕ್ಕದಲ್ಲಿ ಕಾಲಂ ಇಲ್ಲ ಎಂಬುದನ್ನು ಗಂಡುಮಕ್ಕಳು ನೆನಪಿನಲ್ಲಿಟ್ಟುಕೊಂಡು ಸಹಿ ಹಾಕಬೇಕು. ಇಂಥ ಒಂದು ಹಾಳೆಯನ್ನು ರಸೀದಿಗಳ ಸಮೇತ ಮುಂದಿಟ್ಟರೆ ಮಧ್ಯಸ್ಥಿಕೆ ಕೋಣೆಯಲ್ಲಿ ಅರ್ಧ ಕೂಗಾಟ ತಾನಾಗಿ ನಿಲ್ಲುತ್ತದೆ.

ಆದಾಯ ಮುಚ್ಚಿಡುವ ಕಾಲ ಹೋಯಿತು ಎಂದು ಪೂರ್ತಿ ಹೇಳಲಾರೆ, ಆದರೆ ಕಷ್ಟವಾಗಿದೆ. 2020ರ ನವೆಂಬರಿನಲ್ಲಿ ಬಂದ ರಜನೀಶ್–ನೇಹಾ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಸಂಬಳ, ಬ್ಯಾಂಕ್ ಖಾತೆಗಳ ವಿವರವನ್ನು ಅಫಿಡವಿಟ್ಟಿನಲ್ಲಿ ಕೊಡಲೇಬೇಕು. ಸುಳ್ಳು ಹೇಳಿದರೆ ಅದೇ ಒಂದು ಬೇರೆ ತಲೆನೋವು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ ಎಂದೂ ಆ ತೀರ್ಪು ಹೇಳಿತು. ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಮೂರು ವರ್ಷ ಎಳೆದವನ ತಲೆಯ ಮೇಲೆ ಕೊನೆಗೆ ಮೂರು ವರ್ಷದ ಬಾಕಿ ಒಟ್ಟಿಗೇ ಬಂದು ಕೂರುತ್ತದೆ. ಇನ್ನು ನೋಟಿಸು ಬಂದ ಮಾರನೆಯ ದಿನ ಕೆಲಸಕ್ಕೆ ರಾಜೀನಾಮೆ ಕೊಡುವ ವೀರರು. ಮೈ ಕೈ ಗಟ್ಟಿಯಿರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನೋಡಪ್ಪಾ. ಕಾರಿನ ಕಂತು, ಹೊಸ ಫ್ಲ್ಯಾಟಿನ ಕಂತು, ಪಿಎಫ್ ಸಾಲ ಎಲ್ಲ ಕಳೆದು ಕೈಗೆ ಬರುವುದೇ ಎಂಟು ಸಾವಿರ ಎನ್ನುವ ವಾದವನ್ನೂ ನ್ಯಾಯಾಧೀಶರು ಸಾಕಷ್ಟು ಕೇಳಿದ್ದಾರೆ. ನೀನಾಗಿ ಮಾಡಿಕೊಂಡ ಸಾಲ ಸಾಮಾನ್ಯವಾಗಿ ಮಗುವಿನ ಅನ್ನಕ್ಕಿಂತ ಮುಂದೆ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಕಟು ಮಾತಿದೆ. "ಅವನ ದುಡ್ಡೇ ಬೇಡ, ಮಗುವನ್ನು ನಾನೇ ಸಾಕುತ್ತೇನೆ, ಅವನು ನಮ್ಮ ತಂಟೆಗೆ ಬರದಿದ್ದರೆ ಸಾಕು" ಎಂದು ಸ್ವಾಭಿಮಾನದಿಂದ ಬರೆದುಕೊಡುವವರನ್ನು ಬಹಳ ಕಂಡಿದ್ದೇನೆ. ನಿನ್ನ ಜೀವನಾಂಶ ಬೇಡವೆನ್ನಲು ನಿನಗೆ ಅಧಿಕಾರವಿದೆ, ಬೇಡವೆನ್ನಮ್ಮ. ಮಗುವಿನದನ್ನು ಬಿಟ್ಟುಕೊಡಲು ನೀನು ಯಾರು? ಅದನ್ನು ತಾಯಿ ಬಿಟ್ಟುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಆದರೂ ಜಂಟಿ ಅರ್ಜಿಯಲ್ಲಿ 'ಮುಂದೆ ಯಾವ ಬೇಡಿಕೆಯೂ ಇಲ್ಲ' ಎಂಬ ಸಾಲು ಸದ್ದಿಲ್ಲದೆ ನುಸುಳಿಬಿಡುತ್ತದೆ. ಆರು ವರ್ಷ ಕಳೆದು ಹೈಸ್ಕೂಲ್ ಫೀಸು ಕಟ್ಟುವಾಗ ಆ ಸಾಲು ನೆನಪಾಗಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಆಸ್ತಿಯದೂ ಹಾಗೆಯೇ. ಡೈವೋರ್ಸಿನಿಂದ ಹೆಂಡತಿ ವಾರಸುದಾರಿಕೆ ಕಳೆದುಕೊಳ್ಳುತ್ತಾಳೆ, ಮಗು ಕಳೆದುಕೊಳ್ಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅದು ತಂದೆಯ ಮೊದಲ ದರ್ಜೆಯ ವಾರಸುದಾರ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲುದಾರ, 2005ರಿಂದ ಹೆಣ್ಣುಮಗುವೂ ಅಷ್ಟೇ ಸಮನಾಗಿ. ಅಪ್ರಾಪ್ತ ಮಗುವಿನ ಸ್ವಂತ ಹೆಸರಿನಲ್ಲಿರುವ ಜಮೀನನ್ನು ಕೋರ್ಟಿನ ಅನುಮತಿಯಿಲ್ಲದೆ ತಂದೆ ತಾಯಿ ಪರಭಾರೆ ಮಾಡುವಂತಿಲ್ಲ.

ಸುಪರ್ದಿಯ ಮಾತು ಬಂದಾಗ ಜನ ಒಂದು ಸಾಲು ಬಾಯಿಪಾಠ ಮಾಡಿಕೊಂಡಿರುತ್ತಾರೆ: ಐದು ವರ್ಷದವರೆಗೆ ತಾಯಿ, ಆಮೇಲೆ ತಂದೆ. ಮೊದಲರ್ಧ ಮಾತ್ರ ಸರಿ. 1956ರ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಐದು ತುಂಬಿದ ದಿನ ತಂದೆಗೆ ಒಪ್ಪಿಸಿ ಎಂದು ಎಲ್ಲೂ ಹೇಳಿಲ್ಲ. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂಬುದು ಅದೇ ಕಾಯ್ದೆಯ 13ನೇ ಸೆಕ್ಷನ್. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ.

ಇಷ್ಟ ಕೇಳುತ್ತಾರೆಂದು ಗೊತ್ತಾದೊಡನೆ ಪಾಠ ಹೇಳಿಕೊಡುವುದು ಶುರುವಾಗುತ್ತದೆ. ಒಂದು ಹುಡುಗಿ, ಒಂದನೇ ಕ್ಲಾಸು ಇರಬೇಕು, ನನ್ನೆದುರಿನ ಕುರ್ಚಿಯಲ್ಲಿ ಕೂತಿತ್ತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹೆಸರು ಕೇಳಿದೆ, ಹೇಳಿತು. ಯಾವ ಶಾಲೆ ಎಂದೆ, ಹೇಳಿತು. ಆಮೇಲೆ ನಾನೇನೂ ಕೇಳುವ ಮೊದಲೇ ಪದ್ಯ ಒಪ್ಪಿಸುವ ರಾಗದಲ್ಲಿ, "ನನ್ನ ತಂದೆ ನನ್ನ ತಾಯಿಗೆ ಮಾನಸಿಕ ಮತ್ತು ದೈಹಿಕ ಕಿರುಕುಳ ನೀಡಿರುತ್ತಾರೆ" ಎಂದಿತು. ನೀಡಿರುತ್ತಾರೆ! ಅರ್ಜಿಯ ಭಾಷೆ. ಹೇಳಿ ಮುಗಿಸಿ, ಸರಿಯಾಗಿ ಹೇಳಿದೆನಾ ಎಂಬಂತೆ ಬಾಗಿಲ ಕಡೆ ನೋಡಿತು. ಅದರ ತಂದೆ ಸಾಚಾ ಎಂದು ನಾನು ಹೇಳುತ್ತಿಲ್ಲ, ಆ ಹೆಂಗಸು ಪಟ್ಟ ಪಾಡು ನಿಜವೇ ಇತ್ತು. ಆದರೆ ಅದನ್ನು ಹೇಳಲು ವಕೀಲರಿದ್ದರು, ಸಾಕ್ಷಿಗಳಿದ್ದರು, ಆಸ್ಪತ್ರೆಯ ಚೀಟಿ ಇತ್ತು. ಹಿಂಸೆ ಇದ್ದ ಮನೆಯಾದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ ಕೇಳಿ, ಭೇಟಿಯನ್ನು ಬೇರೆಯವರ ಕಣ್ಣೆದುರೇ ನಡೆಯುವಂತೆ ಮಾಡಿ ಎಂದು ಬೇಡಿ, ತೀರಾ ಅಪಾಯವಿದ್ದರೆ ಭೇಟಿಯೇ ಬೇಡವೆಂದು ಧೈರ್ಯವಾಗಿ ವಾದಿಸಿ. ಅದಕ್ಕೆಲ್ಲ ದಾರಿಯಿದೆ.

ಅಂಥ ಅಪಾಯವಿಲ್ಲದ ಕಡೆ, ದುಡ್ಡು ಬರಲಿಲ್ಲ ಅಂತ ಭಾನುವಾರದ ಭೇಟಿ ತಪ್ಪಿಸುವುದು, ಭೇಟಿ ತಪ್ಪಿತು ಅಂತ ಮುಂದಿನ ತಿಂಗಳ ದುಡ್ಡು ನಿಲ್ಲಿಸುವುದು, ಇವೆರಡೂ ಮಗುವಿನ ಎರಡು ಕೈಗಳನ್ನು ಎರಡು ಕಡೆಯಿಂದ ತಿರುಚಿದಂತೆ. ಕಾನೂನಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಗಂಟಿಲ್ಲ. ದುಡ್ಡು ಬಾರದಿದ್ದರೆ ವಸೂಲಿ ಅರ್ಜಿ, ಭೇಟಿ ಸಿಗದಿದ್ದರೆ ಭೇಟಿ ಆದೇಶದ ಜಾರಿಗೆ ಅರ್ಜಿ. ಒಬ್ಬರಿಗೆ ಸುಪರ್ದಿ ಕೊಟ್ಟರೂ ಇನ್ನೊಬ್ಬರ ಪ್ರೀತಿ ಮಗುವಿಗೆ ತಪ್ಪಬಾರದು, ದೂರವಿದ್ದರೆ ಫೋನು, ವಿಡಿಯೋ ಕಾಲ್ ಆದರೂ ಇರಲಿ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಾನು ಕಂಡ ಒಂದು ಜೋಡಿ ಮುಖ ಕೊಟ್ಟು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅವರು ಮಗುವಿನ ಬ್ಯಾಗಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದರು. ಶನಿವಾರ ಅಮ್ಮ ಬರೆಯುತ್ತಿದ್ದಳು: 'ಕೆಮ್ಮಿದೆ, ಸಿರಪ್ ರಾತ್ರಿ ಐದು ಎಂಎಲ್. ಕನ್ನಡ ಕಾಗುಣಿತ ಹೋಂವರ್ಕ್ ಬಾಕಿ.' ಭಾನುವಾರ ಸಂಜೆ ಅಪ್ಪನ ಕೈಬರಹ: 'ಕೆಮ್ಮು ಕಡಿಮೆ. ಮ ಅಕ್ಷರದವರೆಗೆ ಬರೆದಳು. ಅಜ್ಜಿ ಮನೇಲಿ ಎರಡು ಹೋಳಿಗೆ ತಿಂದಿದ್ದಾಳೆ, ರಾತ್ರಿ ಊಟ ಬೇಡ ಅಂದರೆ ಬೈಬೇಡ.' ಗಂಡ ಹೆಂಡತಿಯಾಗಿ ಸೋತವರು ಅಪ್ಪ ಅಮ್ಮನಾಗಿ ಅಷ್ಟರ ಮಟ್ಟಿಗೆ ಪಾಸಾಗಿದ್ದರು. ಎಷ್ಟೋ ವಕೀಲರ ಡ್ರಾಫ್ಟಿಗಿಂತ ಆ ನೋಟ್‌ಬುಕ್ ಮೇಲು.

ಡ್ರಾಫ್ಟ್ ಎಂದೊಡನೆ ನೆನಪಾಯಿತು. ರಾಜಿ ಪತ್ರ ಬರೆಸುವಾಗ ಆತುರ ಬೇಡ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಇವೆ, 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಅಲ್ಲಿಯಾಗಲಿ, ನಿಮ್ಮ ಜಿಲ್ಲೆಯಲ್ಲಾಗಲಿ, ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಕೋರ್ಟಿನಲ್ಲಿ ಸಾಕ್ಷಿಯೂ ಆಗುವುದಿಲ್ಲ, ಬಾಯಿಬಿಟ್ಟು ಮಾತಾಡಿ. ಪತ್ರದಲ್ಲಿ ಹೆಂಡತಿಗೆ ಕೊಡುವ ಮೊತ್ತ ಬೇರೆ ಸಾಲಿನಲ್ಲಿ, ಮಗುವಿನದು ಬೇರೆ ಸಾಲಿನಲ್ಲಿ ಇರಲಿ. 'ಎಲ್ಲ ಸೇರಿ ಇಷ್ಟು ಲಕ್ಷ' ಎಂದು ಒಂದೇ ಗಂಟು ಕಟ್ಟಿದರೆ ಅದರಲ್ಲಿ ಮಗುವಿನದು ಎಷ್ಟು ಎಂದು ಮುಂದೆ ಬ್ರಹ್ಮನಿಗೂ ತಿಳಿಯದು. ವರ್ಷಕ್ಕೆ ಶೇಕಡ ಇಷ್ಟು ಏರಿಕೆ ಎಂದು ಬರೆಸಿ. ಇಂದಿನ 13,000 ಮಗು ಎಸ್ಸೆಸ್ಸೆಲ್ಸಿಗೆ ಬರುವಾಗ ಯಾವ ಮೂಲೆಗೂ ಸಾಲದು. ಶಾಲೆಯ ಫೀಸು ಜೂನಿನಲ್ಲಿ ನೇರವಾಗಿ ಶಾಲೆಗೇ ಹೋಗುವಂತೆ ಮಾಡಿದರೆ "ಕೊಟ್ಟ ದುಡ್ಡಿನಲ್ಲಿ ಸೀರೆ ತಗೊಂಡಳು" ಎಂಬ ಮಾತಿಗೆ ಎಡೆಯಿರುವುದಿಲ್ಲ. ದಸರಾ ರಜೆ ಯಾರ ಕಡೆ, ಬೇಸಿಗೆ ರಜೆಯ ಯಾವ ಭಾಗ ಅಜ್ಜಿಯ ಊರಿನಲ್ಲಿ, ಪಾಸ್‌ಪೋರ್ಟು ಯಾರ ಬಳಿ, ಆಪರೇಷನ್ ಏನಾದರೂ ಬಂದರೆ ಖರ್ಚು ಹೇಗೆ ಎಂಬುದನ್ನೂ ಬರೆಸಿ. ವಿದೇಶಕ್ಕೆ ಹೋಗುವ ಸಾಧ್ಯತೆಯಿರುವವರು ಪಾಸ್‌ಪೋರ್ಟಿನ ಸಾಲನ್ನು ಹಗುರಾಗಿ ಕಾಣಬೇಡಿ. ಮಕ್ಕಳನ್ನು ಗಡಿ ದಾಟಿಸಿದ ಪ್ರಕರಣಗಳಿಗಾಗಿ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹೋದ ಮಗುವನ್ನು ಮರಳಿ ತರುವುದು ದೊಡ್ಡ ರಾಮಾಯಣ. ತಂದೆಯ ಹೆಸರಿನಲ್ಲಿ ಟರ್ಮ್ ಇನ್ಶೂರೆನ್ಸ್, ಅದರ ಹಣ ಮಗುವಿಗೆ ಎಂದು ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.

ಹದಿನೆಂಟು ತುಂಬಿದ ಮೇಲಿನದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. 144ನೇ ಸೆಕ್ಷನ್ನಿನ ಜೀವನಾಂಶ ಸಾಮಾನ್ಯವಾಗಿ ಪ್ರಾಪ್ತ ವಯಸ್ಸಿಗೆ ನಿಲ್ಲುತ್ತದೆ. ದೇಹದ ಅಥವಾ ಬುದ್ಧಿಯ ನ್ಯೂನತೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದ ಮಕ್ಕಳಿಗೆ ಮುಂದುವರಿಯುತ್ತದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಸ್ವಂತ ಗಳಿಕೆಯಿಲ್ಲದ ಮಗಳು ಮದುವೆಯಾಗುವ ತನಕ ಕೇಳಬಹುದು, ಅದು 2020ರಲ್ಲಿ ಮತ್ತೊಮ್ಮೆ ಖಚಿತವಾಗಿದೆ. ಗಂಡುಮಗನ ಇಂಜಿನಿಯರಿಂಗ್ ಫೀಸು ಮಾತ್ರ ನಡುನೀರಿನಲ್ಲಿ ಉಳಿಯುತ್ತದೆ. ಅಪ್ಪನ ಮನಸ್ಸು ಇನ್ನೂ ಮೆತ್ತಗಿರುವಾಗಲೇ, ಪದವಿ ಮುಗಿಯುವವರೆಗೆ ಎಂದು ರಾಜಿ ಪತ್ರದಲ್ಲಿ ಬರೆಸಿಕೊಳ್ಳಿ.

ಕೊಡುವವರು ಬ್ಯಾಂಕಿನ ಮೂಲಕವೇ ಕೊಡಿ. ಕೈಗೆ ಕೊಟ್ಟ ನೋಟು, ಕೊಡಿಸಿದ ಸೈಕಲ್ಲು ಜೀವನಾಂಶದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಹೋಯಿತೇ, ಕಾಯಿಲೆ ಬಂತೇ? ಸುಮ್ಮನೆ ನಿಲ್ಲಿಸಬೇಡಿ. ಮೊತ್ತ ಬದಲಾಯಿಸಿ ಎಂದು ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ನಿನಡಿ ಅರ್ಜಿ ಹಾಕಿ. ಇದೇ ಸೆಕ್ಷನ್ನಿನಡಿ ಹೆಚ್ಚಿಸಿ ಎಂದೂ ಕೇಳಬಹುದು. ಕಾರಣವಿಲ್ಲದೆ ನಿಲ್ಲಿಸಿದರೆ ವಾರಂಟು, ಆಸ್ತಿ ಜಪ್ತಿ, ಬಾಕಿಯಿಟ್ಟ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ತೀರುವುದಿಲ್ಲ, 1989ರಲ್ಲೇ ಸುಪ್ರೀಂ ಕೋರ್ಟ್ ಹಾಗೆಂದಿದೆ. ಪಡೆಯುವವರು ಒಂದು ಗಡುವು ಮರೆಯಬೇಡಿ: 144ನೇ ಸೆಕ್ಷನ್ನಿನಡಿ ವಾರಂಟು ಬೇಕಿದ್ದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಇನ್ನೂ ನೋಡೋಣ" ಎಂದು ಕೂತವರು ಹಳೆಯ ತಿಂಗಳುಗಳನ್ನು ಕಳೆದುಕೊಂಡಿದ್ದಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನೀವು ಈಗ ಇರುವ ಊರಿನಲ್ಲೇ ಜೀವನಾಂಶದ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ನೋಟಿಸು ಮುಟ್ಟಿದ ಅರವತ್ತು ದಿನದೊಳಗೆ ಮಧ್ಯಂತರ ಜೀವನಾಂಶ ತೀರ್ಮಾನವಾಗಬೇಕು ಎಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತಡವಾಗುತ್ತದೆ, ಆದರೂ ಪ್ರತಿ ವಾಯಿದೆಯಲ್ಲೂ ನಿಮ್ಮ ವಕೀಲರಿಂದ ಆ ಅರವತ್ತು ದಿನವನ್ನು ನೆನಪಿಸಿ. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಮದುವೆಯ ಒಂದು ಫೋಟೋ, ಶಾಲೆಯ ರಸೀದಿಗಳು, ಗಂಡನ ಸಂಬಳದ ಚೀಟಿಯ ನಕಲು ಇದ್ದರೆ ಅದು, ಆಧಾರ್ ತೆಗೆದುಕೊಂಡು ಹೋಗಿ. ಇವು ಯಾವುವೂ ಇಲ್ಲದಿದ್ದರೂ ಹೋಗಿ.